ಒಂಬತ್ತಾ, ತೊಂಬತ್ತಾ?

ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ರೈಲಿಗೆ ಮರ್ಯಾದೆ ಹೆಚ್ಚು. ಅಪ್ಪ ಟೇಕಲ್ ಸ್ಟೇಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಬೆಳಗಿನ ಪ್ಯಾಸೆಂಜರ್ ಬರುವುದರೊಳಗೆ ನಮ್ಮ ಸ್ನಾನ ಆಗಬೇಕು, ಅದು ಹೊರಡುವುದರೊಳಗೆ ಮಗ್ಗಿ ಒಪ್ಪಿಸಿರಬೇಕು. ತಡವಾದರೆ ಅಪ್ಪ ಬೈಯುತ್ತಿರಲಿಲ್ಲ. "ಗಾಡಿ ಹೋಯ್ತು ಕಣಮ್ಮ" ಎಂದು ಹೇಳಿ ಹಸಿರು ಬಾವುಟ ಮಡಿಸುತ್ತಿದ್ದರು, ಅಷ್ಟೆ. ಇಂಥ ಮನೆಯಲ್ಲಿ ಬೆಳೆದ ನಾನು ಟಿ.ಸಿ.ಎಚ್. ತರಬೇತಿ ಮುಗಿಸಿ ಪ್ರಾಥಮಿಕ ಶಾಲೆಗೆ ಸೇರಿದಾಗ, ವೇಳಾಪಟ್ಟಿ ಸರಿಯಿದ್ದರೆ ಪಾಠವೂ ಸರಿಯಾಗುತ್ತದೆ, ಪಾಠ ಸರಿಯಾದರೆ ಮಕ್ಕಳೂ ಸರಿಹೋಗುತ್ತಾರೆ ಎಂದು ನಂಬಿದ್ದೆ. ಈ ನಂಬಿಕೆಯನ್ನು ನಿವೃತ್ತಿಯ ದಿನದವರೆಗೂ ಬಿಡಲಿಲ್ಲ. ಆದರೆ ಅದು ಅರ್ಧ ಮಾತ್ರ.

ಉಳಿದರ್ಧವನ್ನು ಬರೆಯಬೇಕಾಗಿ ಬಂದದ್ದು ನಮ್ಮ ಪಕ್ಕದ ಬೀದಿಯ ಹುಡುಗಿಯಿಂದ. ಈ ವರ್ಷ ಅವಳಿಗೆ ಮಾಲೂರು ಕಡೆ ಶಾಲೆಯಲ್ಲಿ ಕೆಲಸವಾಗಿದೆ. ಮೊನ್ನೆ ಬಂದು, "ಆಂಟಿ, ನನ್ನ ಕ್ಲಾಸಲ್ಲಿ ಒಂದು ಮಗು ಏನ್ ಕೇಳಿದ್ರೂ ಬಾಯೇ ಬಿಡಲ್ಲ. ಬೈದೂ ನೋಡ್ದೆ, ಚಾಕಲೇಟ್ ಕೊಟ್ಟೂ ನೋಡ್ದೆ. ಏನ್ ಮಾಡ್ಲಿ?" ಎಂದಳು. ನಾನು ನನ್ನ ಮೊದಲ ಶಾಲೆಯ ರೆಡ್ಡೆಮ್ಮನ ವಿಷಯ ಹೇಳಲು ತೊಡಗಿದೆ. ಅವಳ ಬಸ್ಸಿನ ಹೊತ್ತಾಯಿತು, ಮಾತು ಮುಗಿಯಲಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ.

ನನ್ನ ಮೊದಲ ಶಾಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಗಡಿ ಹಳ್ಳಿಯಲ್ಲಿತ್ತು. ಊರಿನ ಹೆಸರು ಬೇಡ. ಸುತ್ತ ಮಾವಿನ ತೋಪು, ತೋಪು ದಾಟಿದರೆ ಆಂಧ್ರ. ಊರಿಗೆ ಊರೇ ಮನೆಯಲ್ಲಿ ತೆಲುಗು ಮಾತಾಡುತ್ತಿತ್ತು. ಶಾಲೆ ಕನ್ನಡದ್ದು. ನನ್ನ ತೆಲುಗು ಮಾಲೂರಿನ ಸಂತೆಯ ತೆಲುಗು. ಬೆಲೆ ಕೇಳಲು, ಜಾಸ್ತಿಯಾಯಿತು ಎಂದು ಮುಖ ತಿರುಗಿಸಲು ಸಾಕಾಗುತ್ತಿತ್ತು, ಅದಕ್ಕಿಂತ ಮುಂದಕ್ಕೆ ಹೋಗುತ್ತಿರಲಿಲ್ಲ. ಊರಿನವರು ನನಗೆ ಟೇಕಲ್ ಟೀಚರ್ ಎಂದು ಹೆಸರಿಟ್ಟರು.

ಹೆಡ್‌ಮಾಸ್ಟರು ನಂಜುಂಡಯ್ಯನವರು. ಬಿಳಿ ಪಂಚೆ, ತುಂಬುತೋಳಿನ ಅಂಗಿ, ಕೈಯಲ್ಲಿ ಬೆತ್ತ. ಬೆತ್ತವನ್ನು ಅವರು ಬಳಸುತ್ತಿದ್ದದ್ದು ಕಡಿಮೆ, ಆದರೆ ಕೆಳಗಿಡುತ್ತಿರಲಿಲ್ಲ. ಗಂಟೆಯನ್ನು ಜವಾನನ ಕೈಗೆ ಕೊಡದೆ ತಾವೇ ಹೊಡೆಯುತ್ತಿದ್ದರು. ಆ ಒಂದು ಕಾರಣಕ್ಕೇ ನನಗೆ ಮೊದಲ ದಿನವೇ ಅವರ ಮೇಲೆ ಗೌರವ ಬಂತು. ಅವರು ಹಾಕಿದ್ದ ಕಟ್ಟುನಿಟ್ಟು ಒಂದೇ: ಶಾಲೆಯ ಗೇಟಿನೊಳಗೆ ತೆಲುಗು ಕೂಡದು. ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತಿತ್ತು. "ಪ್ರಶ್ನೆ ಕನ್ನಡದಲ್ಲಿ ಬರುತ್ತಮ್ಮ. ತೆಲುಗಿನಲ್ಲಿ ಬರಲ್ಲ. ನಾಳೆ ಈ ಮಕ್ಕಳು ಅಲ್ಲಿ ಹೋಗಿ ಪೆದ್ದುಪೆದ್ದಾಗಿ ಕೂತ್ಕೊಬಾರ್ದು," ಎನ್ನುತ್ತಿದ್ದರು. ಅದನ್ನು ತಪ್ಪು ಎನ್ನಲು ಈಗಲೂ ನನಗೆ ಬಾಯಿ ಬರುವುದಿಲ್ಲ.

ನನಗೆ ಸಿಕ್ಕಿದ್ದು ಐದನೇ ತರಗತಿ. ಅಲ್ಲಿ ರೆಡ್ಡೆಮ್ಮ ಎರಡನೇ ವರ್ಷ ಕೂತಿದ್ದಳು. ಉಳಿದ ಮಕ್ಕಳಿಗಿಂತ ಒಂದು ಗೇಣು ಎತ್ತರ. ಹಿಂದಿನ ಸಾಲು, ಕಿಟಕಿಯ ಪಕ್ಕ. ಎಂಟು ವರ್ಷದವರೆಗೆ ಆಂಧ್ರದಲ್ಲಿ ಅಜ್ಜಿಯ ಮನೆಯಲ್ಲಿದ್ದು ಅಲ್ಲಿನ ಶಾಲೆಗೆ ಹೋಗಿ, ಮನೆಯಲ್ಲಿ ತಮ್ಮ ಹುಟ್ಟಿದ ಮೇಲೆ ಇಲ್ಲಿಗೆ ಬಂದವಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ನೆಲ ನೋಡುತ್ತಿದ್ದಳು, ಕೂರು ಎನ್ನುವವರೆಗೆ ನಿಂತೇ ಇರುತ್ತಿದ್ದಳು. ಅವಳನ್ನು ಪ್ರಶ್ನೆ ಕೇಳುವುದನ್ನೇ ಎಲ್ಲರೂ ಬಿಟ್ಟಿದ್ದರು. ಶಾಲೆಯಲ್ಲಿ ಮಗು ಕಳೆದುಹೋಗುವುದು ಹೀಗೆ. ಹಾಜರಿಯಲ್ಲಿ ಇರುತ್ತದೆ, ಪಾಠದಲ್ಲಿ ಇರುವುದಿಲ್ಲ.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಹಿಂದುಳಿದ ಮಗುವಿಗೆ ಗೆಲುವಿನ ರುಚಿ ತೋರಿಸಬೇಕು. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಎಲ್ಲರಿಗೂ ದೊಡ್ಡ ಸಂಖ್ಯೆಗಳ ಕೈದಶಕದ ಲೆಕ್ಕ ಕೊಟ್ಟ ದಿನ ರೆಡ್ಡೆಮ್ಮನನ್ನು ಬೋರ್ಡಿಗೆ ಕರೆದು ನಾಲ್ಕಕ್ಕೆ ಮೂರು ಕೂಡಿಸಲು ಹೇಳಿದೆ. ಅವಳು ಬರೆದಳು. ನಾನು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಸೀನ ಎಂಬ ವಾಚಾಳಿ ಹುಡುಗ ಪಕ್ಕದವನಿಗೆ ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು. "ಲೇ, ಟೀಚರ್ ಅವಳಿಗೆ ಅಂಗನವಾಡಿ ಲೆಕ್ಕ ಕೊಟ್ಟವ್ರೆ ಕಣ್ಲಾ."

ಮಧ್ಯಾಹ್ನದ ಬಿಡುವಿನಲ್ಲಿ ರೆಡ್ಡೆಮ್ಮ ನನ್ನ ಮೇಜಿನ ಹತ್ತಿರ ಬಂದಳು. ತಾನಾಗಿ ಅವಳು ಬಂದದ್ದು ಅದೇ ಮೊದಲು.

"ಟೀಚರ್, ಇನ್ಮೇಲೆ ಚಪ್ಪಾಳೆ ಹೊಡಿಸ್ಬೇಡಿ."

"ಯಾಕಮ್ಮ? ಸರಿಯಾಗೇ ಮಾಡ್ದೆಯಲ್ಲ."

"ಅದು ಎಲ್ರಿಗೂ ಬರೋ ಲೆಕ್ಕ."

ಅಷ್ಟು ಹೇಳಿ ಹೊರಟುಹೋದಳು. ಹೊಸ ಮೇಷ್ಟರುಗಳು ಇದನ್ನು ಮನಸ್ಸಿನಲ್ಲಿಡಬೇಕು. ತನ್ನ ಕೈಗೆ ಬಂದದ್ದು ಎಷ್ಟು ತೂಕದ್ದು ಎಂದು ಮಗುವಿಗೆ ನಮಗಿಂತ ಚೆನ್ನಾಗಿ ತಿಳಿಯುತ್ತದೆ. ಹಗುರವಾದ ಗೆಲುವು ಕೊಟ್ಟರೆ, ನೀನು ಇಷ್ಟಕ್ಕೇ ಲಾಯಕ್ಕು ಎಂದು ಎಲ್ಲರ ಮುಂದೆ ಸಾರಿದ ಹಾಗೆ.

ಆಮೇಲೆ ಹುಣಸೆ ಬೀಜದ ಪ್ರಸಂಗ ನಡೆಯಿತು. ಹತ್ತು ಮತ್ತು ಬಿಡಿ ಕಲಿಸಲು ನಾನು ಒಂದು ಡಬ್ಬದ ತುಂಬ ಹುಣಸೆ ಬೀಜ ಇಟ್ಟುಕೊಂಡಿದ್ದೆ. ಒಬ್ಬೊಬ್ಬರನ್ನು ಕರೆದು ಇಷ್ಟು ತಾ, ಅಷ್ಟು ತಾ ಎನ್ನುವುದು. ಈ ಸಲ ಹಗುರದ್ದು ಬೇಡ ಎಂದುಕೊಂಡು, "ರೆಡ್ಡೆಮ್ಮ, ತೊಂಬತ್ತು ಬೀಜ ಎಣಿಸಿ ತಗೊಂಡ್ ಬಾ" ಎಂದೆ. ಅವಳ ಮುಖ ಸ್ವಲ್ಪ ಬೆಳಗಿತು. ಡಬ್ಬದ ಹತ್ತಿರ ಹೋದಳು, ಕೂಡಲೇ ತಿರುಗಿ ಬಂದಳು, ನನ್ನ ಮುಂದೆ ಅಂಗೈ ಬಿಚ್ಚಿದಳು. ಒಂಬತ್ತು ಬೀಜಗಳಿದ್ದವು.

ತರಗತಿಯೆಲ್ಲ ಗೊಳ್ಳೆಂದಿತು. ಹಾಗೆ ನಕ್ಕವರು ಎಲ್ಲರೂ ತೊಂಬತ್ತು ಎಂದರೇನು ಎಂದು ಸರಿಯಾಗಿ ತಿಳಿದೇ ನಕ್ಕರೇ ಎಂಬ ಅನುಮಾನ ನನಗೆ ಬಂದದ್ದು ಎಷ್ಟೋ ತಿಂಗಳ ಮೇಲೆ. ಜಗಲಿಯಲ್ಲಿ ಹೋಗುತ್ತಿದ್ದ ನಂಜುಂಡಯ್ಯನವರು ಒಳಗೆ ಇಣುಕಿದರು. "ಎಣಿಸೋಕೂ ಸೋಮಾರಿತನ ನೋಡಿ," ಎಂದು ಹೇಳಿ ಮುಂದೆ ಹೋದರು. ನನಗೂ ಹಾಗೇ ಅನ್ನಿಸಿತ್ತು. ಅಂದಿನಿಂದ ಸೀನ ಅವಳನ್ನು ಕರೆಯುವ ಹೆಸರೇ ಬದಲಾಯಿತು. "ಏನೇ ತೊಂಬತ್ತು, ನೀರು ಕುಡಿಯಕ್ಕೆ ಬರ್ತೀಯೇನೇ?"

ಸಂಕ್ರಾಂತಿ ಕಳೆದ ಮೇಲೆ ಅವಳ ತಂದೆ ಚೌಡಪ್ಪ ಶಾಲೆಗೆ ಬಂದರು. ಯಾರದೋ ಮಾವಿನ ತೋಪು ಕಾಯುವ ಕೆಲಸ ಅವರದು. ಅವರ ಅಕ್ಕನನ್ನು ಗಡಿಯಾಚೆ ಕೊಟ್ಟಿತ್ತು. ಅಕ್ಕನ ಸೊಸೆಗೆ ಹೆರಿಗೆಯಾಗಿತ್ತು, ಮಗು ನೋಡಿಕೊಳ್ಳಲು ಒಂದು ಹೆಣ್ಣುಹುಡುಗಿ ಬೇಕಾಗಿತ್ತು. ಅವರು ಬಂದದ್ದು ರೆಡ್ಡೆಮ್ಮನ ಹೆಸರು ತೆಗೆಸಲು.

"ಇದು ಓದಿ ಏನ್ ಮಾಡ್ತದೆ ಟೀಚರಮ್ಮ," ಎಂದರು. "ಎರಡು ವರ್ಷದಿಂದ ಒಂದೇ ಕ್ಲಾಸ್‌ನಾಗೆ ಕೂತದೆ. ನಮ್ಮ ಎಮ್ಮೇನೂ ಒಂದೇ ಜಾಗದಾಗೆ ಇಷ್ಟು ದಿನ ನಿಲ್ಲಲ್ಲ."

ಸಿಟ್ಟಿನ ಮಾತಲ್ಲ ಅದು. ಬೇಸತ್ತ ಮನುಷ್ಯನ ಮಾತು. ರೆಡ್ಡೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ಮುಖದಿಂದ ತಿಳಿಯುವಂತಿರಲಿಲ್ಲ. ಚೌಕಟ್ಟು ಹಿಡಿದಿದ್ದ ಬೆರಳುಗಳು ಮಾತ್ರ ಬಿಳುಪಾಗಿದ್ದವು. ಅವಳಿಗೆ ಹೋಗಲು ಇಷ್ಟವಿಲ್ಲ ಎಂದು ನನಗೆ ತಿಳಿದದ್ದು ಆ ಬೆರಳುಗಳಿಂದ.

"ಪರೀಕ್ಷೆ ತನಕ ಬಿಡಿ ಚೌಡಪ್ಪನವರೇ," ಎಂದೆ.

"ಪಾಸಾಗ್ಲಿಲ್ಲಾಂದ್ರೆ?"

"ಕರ್ಕೊಂಡು ಹೋಗಿ. ನಾನು ತಡೆಯಲ್ಲ. ಪಾಸಾದ್ರೆ ನೀವು ಬಿಡಿಸ್ಬಾರ್ದು."

ಅವರು ನಂಜುಂಡಯ್ಯನವರ ಕಡೆ ನೋಡಿದರು. ಹೆಡ್‌ಮಾಸ್ಟರು ತಲೆಯಾಡಿಸಿದರು.

"ಮಾತು ಮಾತೇನಾ ಟೀಚರಮ್ಮ?"

"ಮಾತು ಮಾತೇ."

ಅವರು ಹೋದ ಮೇಲೆ ನಂಜುಂಡಯ್ಯನವರು ಮೆಲ್ಲಗೆ, "ದುಡುಕಿದಿರಿ," ಎಂದರು. ನನಗೂ ಗೊತ್ತಿತ್ತು. ಆ ಹುಡುಗಿಗೆ ಏನು ಬರುವುದಿಲ್ಲ ಎಂಬುದೇ ನನಗಿನ್ನೂ ತಿಳಿದಿರಲಿಲ್ಲ. ತಿಳಿಯದ ರೋಗಕ್ಕೆ ವಾಸಿಯಾಗುವ ದಿನ ಗೊತ್ತುಮಾಡಿ ಕೂತಿದ್ದೆ.

ತಿಳಿದದ್ದು ಹಗ್ಗದಾಟದಿಂದ. ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಹೆಣ್ಣುಮಕ್ಕಳು ಹಗ್ಗ ಹಾರುತ್ತಿದ್ದರು. ಗೇಟಿನ ಹೊರಗೆ ನಂಜುಂಡಯ್ಯನವರ ಕಾಯಿದೆ ನಡೆಯುತ್ತಿರಲಿಲ್ಲ, ಅಲ್ಲಿ ಎಣಿಕೆ ತೆಲುಗಿನಲ್ಲಿ. ಒಂದು ದಿನ ನಾನು ಬಸ್ಸಿಳಿದು ಬರುತ್ತಿದ್ದೆ. ರೆಡ್ಡೆಮ್ಮ ಹಾರುತ್ತಿದ್ದಳು. ಇಬ್ಬರು ಹಗ್ಗ ತಿರುಗಿಸುತ್ತಿದ್ದರು, ಉಳಿದವರು ಕೂಗುತ್ತಿದ್ದರು. ಏಡು, ಎನಿಮಿದಿ, ತೊಮ್ಮಿದಿ, ಪದಿ. ಏಳು, ಎಂಟು, ಒಂಬತ್ತು, ಹತ್ತು.

ತೊಮ್ಮಿದಿ. ನಾನು ನಿಂತುಬಿಟ್ಟೆ. ತೊಂಬತ್ತು ಎಂದಾಗ ಅವಳ ಕಿವಿಗೆ ಬಿದ್ದದ್ದು ಇದೇ ತೊಮ್ಮಿದಿಯ 'ತೊಂ' ಇರಬಹುದೇ ಎನ್ನಿಸಿತು. ಆಟ ಮುಗಿಯುವವರೆಗೆ ಕಾದು ಅವಳನ್ನು ಕರೆದೆ. ಮರದ ಕೆಳಗೆ ಮರಳು ಸವರಿ, "ಒಂಬತ್ತು ಬರಿ" ಎಂದೆ. ಬೆರಳಿನಿಂದ 9 ಬರೆದಳು. "ತೊಂಬತ್ತು ಬರಿ." ಅದರ ಪಕ್ಕದಲ್ಲೇ ಇನ್ನೊಂದು 9 ಬರೆದಳು.

"ಎರಡೂ ಒಂದೇನಾ?"

"ಹೂಂ ಟೀಚರ್. ಅವಸರದಾಗೆ ಹೇಳಿದ್ರೆ ಒಂಬತ್ತು ಅಂತೀರ. ನಿಧಾನಕ್ಕೆ, ಗಟ್ಟಿಯಾಗಿ ಹೇಳಿದ್ರೆ ತೊಂಬತ್ತು ಅಂತೀರ."

"ಮಗ್ಗಿ ಹೇಳ್ವಾಗ ಒಂಬತ್ ಹತ್ಲ ತೊಂಬತ್ತು ಅಂತೀಯಲ್ಲ, ಅದೇನು?"

ಸ್ವಲ್ಪ ಯೋಚಿಸಿದಳು. "ಒಂಬತ್ತರಿಂದ ಹೊರಟು ತಿರ್ಗಾ ಒಂಬತ್ತಕ್ಕೇ ಬಂದು ನಿಲ್ತದೆ ಅಂದ್ಕೊಂಡಿದ್ದೆ. ಹಗ್ಗದ ಥರ."

ನಾನು ನನ್ನ ಸಂತೆಯ ತೆಲುಗಿನಲ್ಲಿ, "ತೊಂಭೈ ಬರಿ" ಎಂದೆ. ಅವಳು ಕ್ಷಣವೂ ತಡಮಾಡದೆ 90 ಎಂದು ಬರೆದಳು. ಬರೆದು, ಮೂರನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾದದ್ದು ಕಣ್ಣಿನಲ್ಲಿ ಕಾಣಿಸಿತು.

"ಆವತ್ತು ಬೀಜ..." ಎಂದಳು.

"ನೀನು ಸರಿಯಾಗೇ ಎಣಿಸಿದ್ದೆ ಕಣಮ್ಮ," ಎಂದೆ.

ಆ ಹುಡುಗಿಗೆ ತೊಂಬತ್ತು ಗೊತ್ತಿತ್ತು. ನಮ್ಮ ತೊಂಬತ್ತು ಗೊತ್ತಿರಲಿಲ್ಲ. ಕೇಳುವವರಿಗೆ ಇದು ಸಣ್ಣ ವಿಷಯ ಎನ್ನಿಸಬಹುದು. ಒಂದು ಪದ ತಾನೆ, ಹೇಳಿಕೊಟ್ಟರೆ ಮುಗಿಯಿತು. ಆದರೆ ಅಷ್ಟು ದಿನದಲ್ಲಿ ಆ ಒಂದು ಪದ ಏನೇನು ಮಾಡಿತ್ತು ನೋಡಿ. ಒಂದು ಲೆಕ್ಕದಲ್ಲಿ ಒಂಬತ್ತು ಬರೆದರೆ ಸರಿ ಗುರುತು ಬೀಳುತ್ತಿತ್ತು, ಇನ್ನೊಂದರಲ್ಲಿ ಅದೇ ಒಂಬತ್ತಕ್ಕೆ ಏಟು ಬೀಳುತ್ತಿತ್ತು. ಯಾಕೆ ಎಂದು ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಕ್ರಮೇಣ ಅವಳು ತನ್ನ ಕಿವಿಯನ್ನೇ ನಂಬುವುದು ಬಿಟ್ಟಿದ್ದಳು. ಕಿವಿಯನ್ನು ನಂಬದ ಮಗು ಬಾಯಿ ತೆರೆಯುವುದಿಲ್ಲ. ಚಾಕಲೇಟಿಗೂ ತೆರೆಯುವುದಿಲ್ಲ.

ಮಾರನೆಯ ದಿನ ನಂಜುಂಡಯ್ಯನವರ ಹತ್ತಿರ ಹೋಗಿ, ಎರಡೂ ಭಾಷೆಯಲ್ಲಿ ಎಣಿಕೆ ಹೇಳಿಕೊಡಲು ಅನುಮತಿ ಕೇಳಿದೆ.

"ಆಗಲ್ಲಮ್ಮ," ಎಂದರು. "ಒಬ್ಬಳಿಗೋಸ್ಕರ ಬಾಗಿಲು ತೆಗೆದ್ರೆ ನಾಳೆ ಪಾಠವೆಲ್ಲ ತೆಲುಗಿನಲ್ಲೇ ನಡೆಯುತ್ತೆ."

"ಸಾರ್, ಅವಳು ಕನ್ನಡಕ್ಕೆ ಬರೋಕೆ ಹತ್ತೋ ಮೆಟ್ಟಿಲೇ ತೆಲುಗು. ಆ ಮೆಟ್ಟಿಲು ತೆಗೆದ್ರೆ ಅಲ್ಲೇ ನಿಂತಿರ್ತಾಳೆ."

ಅವರು ಗೋಡೆಗೆ ನೇತುಹಾಕಿದ್ದ ಗಂಟೆಯ ಕಡೆ ನೋಡಿದರು. "ಗಂಟೆ ಹೊಡೆಯೋಕೆ ಮುಂಚೆ ಗೇಟಿನ ಹೊರಗೆ ಏನ್ ಬೇಕಾದ್ರೂ ಮಾಡ್ಕೊಳ್ಳಿ. ನಾನು ನೋಡಿಲ್ಲ. ಗಂಟೆ ಹೊಡೆದ ಮೇಲೆ ಕನ್ನಡ," ಎಂದರು.

ನನಗೆ ಅಷ್ಟು ಸಾಕಾಗಿತ್ತು. ದಿನವೂ ಒಂದು ಬಸ್ಸು ಮುಂಚೆ ಬರತೊಡಗಿದೆ. ಹೊಂಗೆಮರದ ಕೆಳಗೆ ಹಗ್ಗದಾಟವೇ ನಮ್ಮ ಪಾಠ. ಒಂದು ಸಲ ತೆಲುಗಿನಲ್ಲಿ ಎಣಿಕೆ, ಒಂದು ಸಲ ಕನ್ನಡದಲ್ಲಿ. ಹಾರುವವರೇ ಎಣಿಸಬೇಕು, ಹಗ್ಗ ನಿಲ್ಲಬಾರದು. ಇಷ್ಟೇ ನಿಯಮ. ಕನ್ನಡದಲ್ಲಿ ಎಣಿಸುವಾಗ ಎಂಬತ್ತೊಂಬತ್ತು ಎಂದ ಮೇಲೆ ರೆಡ್ಡೆಮ್ಮನ ಕಾಲು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲವೂ ಅಲ್ಲೇ. ಅವಳ ಕಾಲು ತೊಂಬತ್ತನ್ನು ನಂಬುತ್ತಿರಲಿಲ್ಲ.

ಆದರೆ ಉಳಿದ ಹುಡುಗಿಯರು ಅಷ್ಟು ದೂರ ಬರುತ್ತಲೇ ಇರಲಿಲ್ಲ, ಮೂವತ್ತು ನಲವತ್ತರಲ್ಲೇ ಬಿದ್ದುಬಿಡುತ್ತಿದ್ದರು. ಅಲ್ಲಿಯವರೆಗೆ ಉಸಿರು ಹಿಡಿದು ಹಾರಬಲ್ಲವಳು ಇವಳೊಬ್ಬಳೇ. ಆದ್ದರಿಂದ ಎಲ್ಲರೂ ಇವಳ ಸುತ್ತ ನಿಂತರು. ಇವಳು ಎಂಬತ್ತು ದಾಟುತ್ತಿದ್ದಂತೆ ಮಾತು ನಿಲ್ಲಿಸಿ ನೋಡುತ್ತಿದ್ದರು. ಹೆಣ್ಣುಮಕ್ಕಳ ಆಟ ಎಂದು ದೂರ ನಿಂತಿದ್ದ ಸೀನನೂ ಹತ್ತಿರ ಬಂದ. ಒಂದು ಕೈ ನೋಡಿಯೇಬಿಡುತ್ತೇನೆ ಎಂದು ಹಾರಿ, ಇಪ್ಪತ್ತಕ್ಕೆ ಮುಗ್ಗರಿಸಿದ.

"ಏನ್ಲಾ ಇಪ್ಪತ್ತು," ಎಂದಳು ರೆಡ್ಡೆಮ್ಮ. ಅವಳ ಬಾಯಿಂದ ತಮಾಷೆ ಕೇಳಿದ್ದು ಅದೇ ಮೊದಲು.

ಒಂದು ಬೆಳಿಗ್ಗೆ ಅವಳು ಎಂಬತ್ತೊಂಬತ್ತು ದಾಟಿ, ತೊಂಬತ್ತು ಎಂದು ನೆಲಕ್ಕೆ ಒದ್ದ ಹಾಗೆ ಹೇಳಿ, ನಿಲ್ಲದೆ ನೂರಕ್ಕೆ ಹೋದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯಬೇಡಿ ಎಂದು ನಾನು ಹೇಳಿರಲೂ ಇಲ್ಲ. ಸೀನ ಮಾತ್ರ, "ಲೇ, ನಿಜವಾಗ್ಲೂ ನೂರಾಯ್ತು ಕಣ್ರೋ" ಎಂದ. ರೆಡ್ಡೆಮ್ಮ ಏದುಸಿರು ಬಿಡುತ್ತ ನಿಂತಿದ್ದಳು. ಆ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಿತು. ಅಂದು ಗಂಟೆ ಸ್ವಲ್ಪ ತಡವಾಗಿತ್ತು. ನಂಜುಂಡಯ್ಯನವರು ಗೇಟಿನ ಒಳಗಡೆ ನಿಂತು ನೋಡುತ್ತಿದ್ದರು ಎಂದು ಮಕ್ಕಳು ಆಮೇಲೆ ಹೇಳಿದರು.

ಇನ್ನೊಂದು ಕೆಲಸ ಉಳಿದಿತ್ತು, ಅದು ಹೆಚ್ಚು ಕಷ್ಟದ್ದು. ಗೊತ್ತಾಗದಿದ್ದರೆ ಕೇಳಬೇಕು ಎಂದು ನಾನು ಎಷ್ಟು ಹೇಳಿದರೂ ತರಗತಿಯೊಳಗೆ ಅವಳು ಕೇಳುತ್ತಿರಲಿಲ್ಲ. ಕೇಳಿದರೆ ನಗುತ್ತಾರೆ ಎಂಬ ಭಯ. ಅದಕ್ಕೆ ನಾನು ಮರದ ಕೆಳಗೆ ಬೇಕೆಂದೇ ಗೊಣಗುತ್ತಿದ್ದೆ. ಸೆರಗು ಬಾಯಿಗೆ ಅಡ್ಡ ಹಿಡಿದು, "...ಂಬತ್ತಕ್ಕೆ ನಾಲ್ಕು ಕೂಡಿಸು" ಎನ್ನುತ್ತಿದ್ದೆ. ಯಾವ ಬತ್ತು ಎಂದು ಕೇಳುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ. ಮೊದಲು ಅವಳು ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ, "ಟೀಚರ್, ಸರಿಯಾಗಿ ಹೇಳಿ" ಎನ್ನತೊಡಗಿದಳು. ಕೊನೆಕೊನೆಗೆ ಸಿಡುಕುತ್ತಿದ್ದಳು. "ಒಂಬತ್ತಾ, ತೊಂಬತ್ತಾ? ಬಾಯಿ ಬಿಟ್ಟು ಹೇಳಿ ಟೀಚರ್." ನನಗೆ ಬೇಕಾಗಿದ್ದದ್ದು ಆ ಸಿಡುಕು.

ಪರೀಕ್ಷೆ ಬಂತು. ಗಣಿತದಲ್ಲಿ ಮೊದಲು ಬಾಯಿಲೆಕ್ಕ. ಹೆಡ್‌ಮಾಸ್ಟರು ಹೇಳುತ್ತಾರೆ, ಮಕ್ಕಳು ಉತ್ತರ ಬರೆಯುತ್ತಾರೆ. ಒಂದೇ ಸಲ ಹೇಳುವುದು, ಮತ್ತೆ ಹೇಳುವ ಪದ್ಧತಿಯಿಲ್ಲ. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ತೆರೆಯುವ ಹಾಗಿರಲಿಲ್ಲ. ಕಿಟಕಿಯ ಹೊರಗೆ ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ನಂಜುಂಡಯ್ಯನವರು ನಾಲ್ಕನೆಯದೋ ಐದನೆಯದೋ ಲೆಕ್ಕ ಹೇಳಿದರು: "ತೊಂಬತ್ತಕ್ಕೆ ಆರು ಕೂಡಿಸಿದರೆ ಎಷ್ಟು?" ಪ್ರಶ್ನೆ ಮೊದಲೇ ಗೊತ್ತಿದ್ದರಿಂದ ನನಗೆ ತೊಂಬತ್ತು ಎಂದು ಕೇಳಿಸಿತು. ಟ್ರ್ಯಾಕ್ಟರಿನ ಸದ್ದಿನಲ್ಲಿ ಅದು ಒಂಬತ್ತೂ ಆಗಬಹುದಿತ್ತು.

ಮಕ್ಕಳೆಲ್ಲ ಬಗ್ಗಿ ಬರೆದರು. ರೆಡ್ಡೆಮ್ಮ ಬರೆಯಲಿಲ್ಲ. ಪೆನ್ಸಿಲ್ ಹಿಡಿದು ಕೂತಿದ್ದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ನಂಜುಂಡಯ್ಯನವರು ಮುಂದಿನ ಲೆಕ್ಕಕ್ಕೆ ಕಾಗದ ತಿರುಗಿಸಿದರು. ಅವಳು ಎದ್ದು ನಿಂತಳು.

"ಸಾರ್."

ಪರೀಕ್ಷೆಯಲ್ಲಿ ಯಾರೂ ಎದ್ದು ನಿಂತದ್ದನ್ನು ಆ ಶಾಲೆ ನೋಡಿರಲಿಲ್ಲ. ನಂಜುಂಡಯ್ಯನವರು ಕನ್ನಡಕದ ಮೇಲಿಂದ ನೋಡಿದರು. ಬೆತ್ತ ಮೇಜಿನ ಮೇಲಿತ್ತು.

"ಏನು?"

"ಒಂಬತ್ತಾ ಸಾರ್, ತೊಂಬತ್ತಾ?"

ಯಾರೂ ನಗಲಿಲ್ಲ. ನಾನು ಗೋಡೆಗೆ ಅಂಗೈ ಒತ್ತಿ ನಿಂತಿದ್ದೆ. ಹೆಡ್‌ಮಾಸ್ಟರು ಟ್ರ್ಯಾಕ್ಟರ್ ದೂರ ಹೋಗುವವರೆಗೆ ಕಾದರು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, "ತೊಂಬತ್ತು. ಒಂಬತ್ತು ಹತ್ತುಗಳು. ಕೂತ್ಕೋ," ಎಂದರು.

ಅವಳು ಕೂತಳು. ಆಗ ಕೋಣೆಯಲ್ಲಿ ಒಂದು ಸದ್ದು ಎದ್ದಿತು. ರಬ್ಬರಿನ ಸದ್ದು. ಅಲ್ಲೊಬ್ಬ ಇಲ್ಲೊಬ್ಬಳು ಅಲ್ಲ, ಸುಮಾರು ಅರ್ಧ ತರಗತಿ ಬಗ್ಗಿ ಉಜ್ಜುತ್ತಿತ್ತು. ರಬ್ಬರಿಲ್ಲದವರು ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಿದ್ದರು. ಸೀನನೂ ಉಜ್ಜುತ್ತಿದ್ದ. ನಂಜುಂಡಯ್ಯನವರು ಆ ತಲೆಗಳ ಮೇಲೆ ಕಣ್ಣಾಡಿಸಿದರು. ಎಲ್ಲರೂ ಬರೆದು ತಲೆ ಎತ್ತುವವರೆಗೆ ಮುಂದಿನ ಲೆಕ್ಕ ಹೇಳಲಿಲ್ಲ. ಆಮೇಲಿನ ಪ್ರತಿ ಲೆಕ್ಕವನ್ನೂ ಎರಡು ಸಲ ಹೇಳಿದರು.

ಪರೀಕ್ಷೆ ಮುಗಿದ ಮೇಲೆ ಆಫೀಸು ಕೋಣೆಯಲ್ಲಿ ಅವರೊಬ್ಬರೇ ಕೂತಿದ್ದರು. ನಾನು ಉತ್ತರಪತ್ರಿಕೆಗಳ ಕಟ್ಟು ಇಟ್ಟು ಹೊರಡುತ್ತಿದ್ದೆ.

"ನಮ್ಮ ಮನೇಲೂ ತೆಲುಗೇನಮ್ಮ," ಎಂದರು. ಅಷ್ಟು ದಿನ ನನಗದು ತಿಳಿದಿರಲಿಲ್ಲ. "ನಾನೂ ಒಂದು ಕಾಲಕ್ಕೆ ತೊಂಬತ್ತಕ್ಕೆ ಒಂಬತ್ತು ಬರೆದವನೇ. ಏಟು ತಿಂದು ಕಲಿತೆ. ಕಲಿತ ಮೇಲೆ, ಹಾಗೆ ಬರೀತಿದ್ದೆ ಅನ್ನೋದೇ ಮರೆತುಹೋಗಿತ್ತು."

ನಾನು ತಲೆಯಾಡಿಸಿ ಹೊರಗೆ ಬಂದೆ.

ರೆಡ್ಡೆಮ್ಮ ಪಾಸಾದಳು. ಹೇಳಿಕೊಳ್ಳುವಂಥ ಅಂಕಗಳಲ್ಲ. ಫಲಿತಾಂಶದ ದಿನ ಚೌಡಪ್ಪ ಬಂದರು. ನಂಜುಂಡಯ್ಯನವರು ತಾವೇ ಹೇಳಿದರು. ಚೌಡಪ್ಪ ಸಂತೋಷಪಟ್ಟ ಹಾಗೆ ಕಾಣಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, "ಹಂಗಾದ್ರೆ ನಮ್ಮಕ್ಕನ ಮನೆಗೆ ಯಾರ್ನ ಕಳಿಸ್ಲಿ ಸಾರ್?" ಎಂದರು. ನಿಜವಾದ ಪ್ರಶ್ನೆ ಅದು. ಅಲ್ಲಿ ಒಂದು ಕೂಸು ಇತ್ತು, ನೋಡಿಕೊಳ್ಳುವವರು ಬೇಕಿತ್ತು.

"ಮಾತು ಮಾತೇನಾ ಅಂತ ಕೇಳಿದ್ದು ನೀನೇ ಅಲ್ವೇನಪ್ಪ," ಎಂದರು ಹೆಡ್‌ಮಾಸ್ಟರು.

ಚೌಡಪ್ಪ ಬೇಸಿಗೆಗೆ ಹೆಂಡತಿಯನ್ನೇ ಅಕ್ಕನ ಮನೆಗೆ ಕಳಿಸಿ, ತೋಪಿನಲ್ಲಿ ತಾವೇ ಮುದ್ದೆ ತಿರುವಿಕೊಂಡು ತಿಂದರಂತೆ. ಜೂನ್‌ನಲ್ಲಿ ಶಾಲೆ ತೆರೆದ ದಿನ ರೆಡ್ಡೆಮ್ಮ ಆರನೇ ತರಗತಿಯ ಸಾಲಿನಲ್ಲಿ ನಿಂತಿದ್ದಳು. ಅದೇ ವರ್ಷ ನನಗೆ ಮುಳಬಾಗಿಲಿಗೆ ವರ್ಗವಾಯಿತು. ಅವಳು ಏಳನೆಯದು ಪಾಸಾದಳು ಎಂದು ಕೇಳಿದೆ. ಮುಂದೆ ಸುದ್ದಿ ಸಿಗಲಿಲ್ಲ. ನಮ್ಮ ವೃತ್ತಿಯಲ್ಲಿ ಇದು ಹೀಗೆಯೇ. ಮಕ್ಕಳು ಎಲ್ಲಿಗೆ ಮುಟ್ಟಿದರು ಎಂದು ತಿಳಿಯುವುದು ಅಪರೂಪ.

ಮುಳಬಾಗಿಲಿನಲ್ಲಿ ಇದಕ್ಕೆ ತಿರುವುಮುರುವಾದ ಒಂದು ಮಗು ಸಿಕ್ಕಿತು. ಅರ್ಚಕರ ಮನೆಯ ಹುಡುಗ, ಎಲ್ಲ ಪಾಠವನ್ನೂ ಗಂಟೆ ಬಾರಿಸಿದ ಹಾಗೆ ಓದುತ್ತಿದ್ದ. ಒಂದು ದಿನ ಅವನ ಪುಸ್ತಕದಲ್ಲಿ ಹಾಳೆಯೇ ಹರಿದುಹೋಗಿತ್ತು, ಅವನು ಇಲ್ಲದ ಹಾಳೆಯನ್ನೂ ಓದಿ ಮುಗಿಸಿದ. ಅಷ್ಟೂ ಬಾಯಿಪಾಠ. ಮನೆಯಲ್ಲಿ ಮಂತ್ರ ಕೇಳಿ ಕೇಳಿ ಕಲಿತ ಕಿವಿ ಅದು, ಕಣ್ಣಿಗೆ ಕೆಲಸವೇ ಬಿದ್ದಿರಲಿಲ್ಲ. ರೆಡ್ಡೆಮ್ಮನನ್ನು ಕಂಡಿರದಿದ್ದರೆ ನಾನು ಅವನನ್ನು ಜಾಣ ಎಂದು ಮುಂದಕ್ಕೆ ತಳ್ಳುತ್ತಿದ್ದೆ. ದಿನವೂ ಸಂಜೆ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಬೋರ್ಡು ಓದಿಸಿದೆ. ಬಸ್ಸಿನ ಬೋರ್ಡು ಬಾಯಿಪಾಠವಾಗುವುದಿಲ್ಲ. ಒಂದು ಸಂಜೆ ಒಬ್ಬ ಅಜ್ಜಿ, "ಯಾವ ಊರಿನ ಬಸ್ಸಪ್ಪ ಇದು?" ಎಂದು ಕೇಳಿದಾಗ, ತಡವರಿಸಿ ತಡವರಿಸಿ, "ಶ್ರೀ-ನಿ-ವಾ-ಸ-ಪು-ರ" ಎಂದ. ಅಜ್ಜಿ ಅವನ ಮಾತು ನಂಬಿ ಹತ್ತಿದರು. ಬಸ್ಸು ಹೊರಟ ಮೇಲೂ ಅವನು ಅದನ್ನೇ ನೋಡುತ್ತ ನಿಂತಿದ್ದ.

ಕೊನೆಯ ವರ್ಷಗಳಲ್ಲಿ ನರಸಾಪುರದ ಹತ್ತಿರ ಕೆಲಸ ಮಾಡಿದೆ. ಕಾರ್ಖಾನೆಗೆಂದು ಉತ್ತರದಿಂದ ಬಂದವರ ಮಕ್ಕಳು ತರಗತಿ ತುಂಬ. ಒಬ್ಬ ಹಿಂದಿಯ ಹುಡುಗ, ಆರು ಕಡ್ಡಿ ತಗೋ ಎಂದರೆ ಸಾಕು ಎನ್ನುವವರೆಗೂ ತೆಗೆಯುತ್ತಲೇ ಇರುತ್ತಿದ್ದ. ಜೊತೆಯ ಟೀಚರ್ ತುಂಟತನ ಎಂದರು. ಅವನ ಭಾಷೆಯಲ್ಲಿ 'ಔರ್' ಎಂದರೆ ಇನ್ನೂ ಎಂದರ್ಥ. ನಮ್ಮ ಆರು ಅವನಿಗೆ ಇನ್ನೂ, ಇನ್ನೂ ಎಂದು ಕೇಳಿಸುತ್ತಿತ್ತು. ಈ ಸಲ ನನಗೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

ಈ ನಡುವೆ ಬೆತ್ತ ಹೋಯಿತು, ಒಳ್ಳೆಯದಾಯಿತು. ಕಲಿಕೆಯ ಕಾರ್ಡು ಬಂದವು, ಚಟುವಟಿಕೆ ಬಂದವು, ಮೊಬೈಲಿನಲ್ಲಿ ಪಾಠ ಬಂತು. ನಪಾಸು ಮಾಡುವುದೂ ನಿಂತಿತು. ಹಿಂದೆ ರೆಡ್ಡೆಮ್ಮನಂಥವರು ಒಂದೇ ತರಗತಿಯಲ್ಲಿ ಕೂತು ಕಳೆದುಹೋಗುತ್ತಿದ್ದರು. ಆಮೇಲೆ ವರ್ಷಕ್ಕೊಂದು ತರಗತಿ ಏರುತ್ತಲೇ ಕಳೆದುಹೋದರು. ಪದ್ಧತಿ ಯಾವುದೇ ಇರಲಿ, ಹೊಸಬರು ಒಂದು ಕೆಲಸ ಮಾಡಿ. ಮಗು ತಪ್ಪು ಉತ್ತರ ಕೊಟ್ಟರೆ, ಯಾವ ಪ್ರಶ್ನೆಗೆ ಅದು ಸರಿಯುತ್ತರ ಎಂದು ಹುಡುಕಿ. ಒಂಬತ್ತು ಬೀಜ ತಂದ ಹುಡುಗಿ ತನಗೆ ಕೇಳಿಸಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ತಂದಿದ್ದಳು.

ಕಳೆದ ವರ್ಷ ಮಂಡಿನೋವಿಗೆಂದು ಕೋಲಾರದಲ್ಲಿ ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದೆ. ಜನ ಕಿಕ್ಕಿರಿದಿದ್ದರು. ಗಾಜಿನ ಹಿಂದಿನಿಂದ ಒಬ್ಬ ಹುಡುಗ ನಂಬರು ಕೂಗುತ್ತಿದ್ದ, ಬಾಯಿಗೆ ಮಾಸ್ಕು. ಆಗ ತಾನೆ ಒಳಗೆ ಬಂದ ಒಬ್ಬ ಮುದುಕರು ನಂಬರು ಕೇಳಿದ ಕೂಡಲೇ ಮುಂದಕ್ಕೆ ನುಗ್ಗಲು ನೋಡಿದರು. ಅವರ ತೋಳು ಹಿಡಿದಿದ್ದ ಹೆಂಗಸು ಅವರನ್ನು ತಡೆದು, ಎಲ್ಲರ ತಲೆಯ ಮೇಲಿಂದ ಗಟ್ಟಿಯಾಗಿ ಕೇಳಿದಳು.

"ಅಣ್ಣಾ, ಒಂಬತ್ತಾ, ತೊಂಬತ್ತಾ? ಬಾಯಿ ಬಿಟ್ಟು ಹೇಳಪ್ಪ."

ನಾನು ತಿರುಗಿ ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಎತ್ತರದ ಹೆಂಗಸು, ಬೈತಲೆಯ ಹತ್ತಿರ ನರೆ. ಮುದುಕರ ಹೆಗಲ ಮೇಲೆ ಟವೆಲು.

"ಒಂಬತ್ತು," ಎಂದ ಗಾಜಿನ ಹಿಂದಿನ ಹುಡುಗ ಬೇಸರದಿಂದ. "ಬರೀ ಒಂಬತ್ತು."

"ನಮ್ದು ತೊಂಬತ್ತು ನಾನ್ನಾ. ಇನ್ನೂ ಬೇಕಾದಷ್ಟು ಹೊತ್ತದೆ, ಕೂತ್ಕೋ," ಎಂದು ತಂದೆಗೆ ಜಾಗ ಹುಡುಕಿದಳು. ನನ್ನ ಪಕ್ಕದಲ್ಲಿ ಜಾಗವಿತ್ತು. ನನ್ನ ಮುಖ ನೋಡಿದವಳು ಹಾಗೇ ನಿಂತಳು.

ಬಹಳ ಮಾತು ಆಡಲಾಗಲಿಲ್ಲ. ವಕ್ಕಲೇರಿ ಹತ್ತಿರ ಕೊಟ್ಟರಂತೆ, ಹತ್ತನೆಯದರವರೆಗೆ ಓದಿದಳಂತೆ, ಆಮೇಲೆ ಆಗಲಿಲ್ಲವಂತೆ. ಚೌಡಪ್ಪನವರಿಗೆ ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೇ. ಟೇಕಲ್ ಟೀಚರು ಎಂದು ಅವಳು ಅವರ ಕಿವಿಯಲ್ಲಿ ಹೇಳಿದಾಗ ಅವರು ನನ್ನ ಕಡೆ ಕೈ ಮುಗಿದು, "ಈಗ ನನ್ನ ಕಿವಿ ಇವಳೇ ಟೀಚರಮ್ಮ," ಎಂದರು.

ನಾನು ಅವರ ಚೀಟಿ ನೋಡುತ್ತ ಕೂತೆ. ಸುತ್ತ ಇದ್ದವರೂ ಬಗ್ಗಿ ತಮ್ಮ ತಮ್ಮ ಚೀಟಿ ನೋಡಿಕೊಳ್ಳುತ್ತಿದ್ದರು. ಎದ್ದು ನಿಂತಿದ್ದ ಒಬ್ಬರು ಮತ್ತೆ ಕೂತರು. ಗಾಜಿನ ಹಿಂದಿನ ಹುಡುಗ ಮಾಸ್ಕನ್ನು ಗಲ್ಲಕ್ಕೆ ಇಳಿಸಿದ. ಆಮೇಲೆ ಅವನು ಪ್ರತಿ ನಂಬರನ್ನೂ ಎರಡೆರಡು ಸಲ ಕೂಗಿದ.